ಆರೋಪಿಗೆ ಬಾರದ ಮರಾಠಿ

ಹುಡುಗ ಯಾದಗಿರಿ ಕಡೆಯವನು. ಕಾಂದಿವಲಿಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ. ಮುಂಬಯಿಗೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ರಾತ್ರಿ ದಾರಿಹೋಕನೊಬ್ಬನಿಗೆ ಚಾಕುವಿನಿಂದ ಗಾಯಮಾಡಿ ಸರ ಕಿತ್ತುಕೊಂಡ ಎಂಬ ಆರೋಪ: ಆಗಿನ ದಂಡ ಸಂಹಿತೆಯ 394 ಮತ್ತು 397ನೇ ಕಲಂ. ರುಜುವಾತಾದರೆ ಏಳು ವರ್ಷಕ್ಕಿಂತ ಕಡಿಮೆ ಇಲ್ಲ. ಹೋಟೆಲಿನ ಮಾಲೀಕರು ಕುಂದಾಪುರ ಮೂಲದವರು, ಪಾಲಿಕೆಯ ಕನ್ನಡ ಶಾಲೆಯಲ್ಲಿ ನನ್ನ ಬೆಂಚಿನವರು. ಆ ಸಲುಗೆಯಲ್ಲಿ ಶುಲ್ಕದ ಮಾತೆತ್ತದೆ ವಕಾಲತ್‌ನಾಮೆಗೆ ಅವನ ಸಹಿ ಮಾಡಿಸಿಕೊಂಡು ಬಂದರು.

ನಾನು ಮೊದಲು ಮಾಡಿದ್ದು ದಿನ ಎಣಿಸುವ ಕೆಲಸ. 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಲೆಕ್ಕ ತಪ್ಪಬಾರದೆಂದು ಬೋರಿವಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ರಿಮಾಂಡ್ ಅರ್ಜಿಗಳ, ಅಂದರೆ ಅವನನ್ನು ಬಂಧನದಲ್ಲಿಡಲು ಪೊಲೀಸರು ಕೊಟ್ಟ ಅರ್ಜಿಗಳ, ದೃಢೀಕೃತ ಪ್ರತಿ ತರಿಸಿದೆ. ಪೊಲೀಸರು 89ನೇ ದಿನ ಚಾರ್ಜ್‌ಶೀಟ್ ಹಾಕಿದರು. ಬೇಸರದಿಂದ ಆ ಪ್ರತಿಗಳನ್ನು ಕಡತದ ತಳಕ್ಕೆ ತುರುಕಿ ಮರೆತುಬಿಟ್ಟೆ. ಮುಂದೆ ಗುಣದೋಷದ ಮೇಲೆ ಹಾಕಿದ ಜಾಮೀನು ಅರ್ಜಿಯೂ ವಜಾ ಆಯಿತು. ಹುಡುಗ ಥಾಣೆ ಜೈಲಿನಲ್ಲೇ ಉಳಿದ.

ಎರಡು ವರ್ಷದ ಮೇಲೆ ದಿಂಡೋಶಿ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಆಸ್ಪತ್ರೆಯಲ್ಲಿದ್ದಾಗಲೇ ಪೊಲೀಸರು ಮೊಬೈಲಿನಲ್ಲಿ ಹುಡುಗನ ಫೋಟೊ ತೋರಿಸಿದ್ದರೆಂದು ಗಾಯಾಳು ಪಾಟೀಸವಾಲಿನಲ್ಲಿ ಒಪ್ಪಿಕೊಂಡ. ಗುರುತಿನ ಪರೇಡಿನ ಬೆಲೆ ಅಲ್ಲಿಗೆ ಇಳಿಯಿತು. ಉಳಿದದ್ದು ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿತೆನ್ನಲಾದ ಚಾಕು ಮತ್ತು ಸರ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆದರೆ ಆರೋಪಿಯ ಮಾತಿನಿಂದ ವಸ್ತು ಪತ್ತೆಯಾದರೆ ಅಷ್ಟು ಮಾತು ಒಳಗೆ ಬರುತ್ತದೆ. ಆಗ ಇದು ಸಾಕ್ಷ್ಯ ಅಧಿನಿಯಮದ 27ನೇ ಕಲಂ. 2024ರ ಜುಲೈ 1ರಿಂದ ಹೊಸ ಕಾನೂನಿನ 23ನೆಯದರಲ್ಲಿ ಸೇರಿದೆ. ಎಷ್ಟು ಮಾತು ಎಂಬುದನ್ನು ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಎಂದೋ ಹೇಳಿದೆ. ನನ್ನ ತಕರಾರು ಅದಕ್ಕಿಂತ ಸಣ್ಣದು: ಮಾತು ಯಾರದು?

ಪಂಚರೆಂಬ ಸಾಕ್ಷಿಗಳ ಮುಂದೆ ಪೊಲೀಸರು ಬರೆದ ಪಂಚನಾಮೆಯಲ್ಲಿ ಹುಡುಗನ ಬಾಯಿಂದ ಬಂದದ್ದಾಗಿ ಬರೆದಿತ್ತು: ‘ಮೀ ಲಪವೂನ್ ಠೇವ್‌ಲೇಲಾ ಚಾಕೂ ಕಾಢೂನ್ ದೇತೋ.’ ಬಚ್ಚಿಟ್ಟ ಚಾಕು ತೆಗೆದುಕೊಡುತ್ತೇನೆ ಎಂದು. ಈ ವಾಕ್ಯವನ್ನು ನಾನು ನೂರು ಪಂಚನಾಮೆಗಳಲ್ಲಿ ಓದಿದ್ದೇನೆ. ಮುಂಬಯಿಯ ಆರೋಪಿಗಳೆಲ್ಲ ಒಂದೇ ಮೇಷ್ಟ್ರ ಹತ್ತಿರ ಮರಾಠಿ ಕಲಿತಂತಿರುತ್ತದೆ. ಪಂಚರ ಸಾಕ್ಷ್ಯದ ಹಿಂದಿನ ರಾತ್ರಿ ಬೇರೆ ಕಾಗದ ಹುಡುಕುವಾಗ ಹಳೆಯ ರಿಮಾಂಡ್ ಅರ್ಜಿ ಕೈಗೆ ಬಂತು. ಎರಡನೇ ಪುಟದಲ್ಲಿ ಒಂದು ಸಾಲು: ಆರೋಪಿಗೆ ಮರಾಠಿ, ಹಿಂದಿ ತಿಳಿಯದ ಕಾರಣ ಬಂಧನದ ಕಾರಣಗಳನ್ನು ಕನ್ನಡ ಬಲ್ಲ ಹೋಟೆಲ್ ನೌಕರನ ಮೂಲಕ ತಿಳಿಸಲಾಗಿದೆ. ಪಂಚನಾಮೆ ಅದಾದ ಮೂರನೇ ದಿನದ್ದು. ಎರಡು ವರ್ಷ ಅದು ನನ್ನ ಕಪಾಟಿನಲ್ಲೇ ಇತ್ತು. ಜಾಮೀನಿಗೆ ವಾದಿಸುವಾಗ ಓದಿರಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಮರುದಿನ ಪಂಚನನ್ನು ಎರಡೇ ಪ್ರಶ್ನೆ ಕೇಳಿದೆ. ನಿಮಗೆ ಕನ್ನಡ ಬರುತ್ತದೆಯೇ? ಇಲ್ಲ. ಆರೋಪಿ ಹೇಳಿದ್ದು ಇಲ್ಲಿ ಬರೆದಂತೆಯೇ ಮರಾಠಿಯಲ್ಲೇ? ಹೌದು, ಅಕ್ಷರಶಃ. ಹಾಗಾದರೆ ಅದು ಹೇಗೆ ಸಾಧ್ಯ ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಕೇಳಿದ್ದರೆ ಆತ ದುಭಾಷಿಯೊಬ್ಬನನ್ನು ಅಲ್ಲೇ ಹುಟ್ಟಿಸುತ್ತಿದ್ದ. ಕುಳಿತುಬಿಟ್ಟೆ.

ತನಿಖಾಧಿಕಾರಿಯ ಸರದಿ ಬಂದದ್ದು ಏಳು ವಾರಗಳ ನಂತರ. ರಿಮಾಂಡ್ ಅರ್ಜಿಯ ಸಹಿ ತಮ್ಮದೇ ಎಂದರು. ಬರೆದದ್ದೆಲ್ಲ ನಿಜ ಎಂದೂ ಹೇಳಿದರು. ಸುಳ್ಳು ಎನ್ನುವುದಾದರೂ ಹೇಗೆ? ಅರ್ಜಿಗೆ ಎಕ್ಸಿಬಿಟ್ ಸಂಖ್ಯೆ ಬಿತ್ತು. ಪಂಚನಾಮೆಯಲ್ಲಿ ದುಭಾಷಿಯ ಸಹಿ ಎಲ್ಲಿದೆ ಎಂದೆ. ಹಾಳೆ ತಿರುವಿ ತಿರುವಿ, ಇಲ್ಲ ಎಂದರು.

ತೀರ್ಪಿನ ದಿನ ಕೋರ್ಟಿನ ದುಭಾಷಿ ಇನ್ನೂ ಬಂದಿರಲಿಲ್ಲ. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಎರಡು ವಾಕ್ಯ ಓದಿ ಮುಂದಿನ ಕಡತ ಕೈಗೆತ್ತಿಕೊಂಡರು. ಕಟಕಟೆಯ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಪಿಸುಮಾತಿನಲ್ಲಿ ಕೇಳಿದ: “ಮುಂದಿನ ತಾರೀಖು ಯಾವಾಗ ಸಾಹೇಬರೇ?”