ಪಿಸುಮಾತಿಗೆ ಗಂಟಲು ನಡುಗುವುದಿಲ್ಲ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು. ಕಥೆಯ ಪಾಠ ಬಂತೆಂದರೆ 'ಹೇಳಿದನು' ಎಂದಿರಬೇಕಾದ ಜಾಗದಲ್ಲೆಲ್ಲ ವಿಸ್ಪರ್, ಮಟರ್, ಮಂಬಲ್, ಮರ್ಮರ್ ಬಂದು ಕೂತಿರುತ್ತವೆ. ನಿಘಂಟು ತೆರೆದರೆ ನಾಲ್ಕಕ್ಕೂ ಗೊಣಗು, ಪಿಸುಗುಟ್ಟು ಎಂಬ ಎರಡೇ ಅರ್ಥ ಅದಲುಬದಲಾಗಿ ಸಿಗುತ್ತವೆ. ಮಕ್ಕಳು ಅದನ್ನೇ ನೋಟ್ಸಿಗೆ ಇಳಿಸಿಕೊಂಡು, ಪರೀಕ್ಷೆಯಲ್ಲಿ ಕೈಗೆ ಬಂದದ್ದನ್ನು ಬರೆಯುತ್ತಿದ್ದರು. ಹಾಗಾಗಿ ಅರ್ಥ ಬರೆಸುವುದನ್ನು ಬಿಟ್ಟು, ಆಯಾ ಪದಕ್ಕೆ ಬಾಯಿ, ಗಂಟಲು, ಮೂಗು ಏನು ಮಾಡುತ್ತವೆ ಎಂಬುದನ್ನು ಹಿಡಿದುಕೊಂಡೆ.

ಮೊದಲು ವಿಸ್ಪರ್. ಎರಡು ಬೆರಳನ್ನು ಗಂಟಲಿನ ಉಬ್ಬಿನ ಮೇಲೆ ಇಟ್ಟುಕೊಂಡು ನಿಮ್ಮ ಹೆಸರನ್ನು ಎಂದಿನ ದನಿಯಲ್ಲಿ ಹೇಳಿ ಎನ್ನುತ್ತೇನೆ. ಬೆರಳಿಗೆ ಜುಮ್ಮೆನ್ನುವ ನಡುಕ ತಾಗುತ್ತದೆ. ಅದೇ ಹೆಸರನ್ನು ಪಕ್ಕದವಳ ಕಿವಿಗೆ ಮಾತ್ರ ಬೀಳುವಂತೆ ಹೇಳಿದರೆ ನಡುಕವಿಲ್ಲ. ಧ್ವನಿತಂತುಗಳು ಕಂಪಿಸುವುದಿಲ್ಲ, ಅವುಗಳ ನಡುವಿನ ಸಂದಿಯಲ್ಲಿ ಉಸಿರು ಮಾತ್ರ ತೂರಿ ಬರುತ್ತದೆ. ನಡುಕ ಇದ್ದರೆ ದನಿ ಎಷ್ಟೇ ತಗ್ಗಿರಲಿ, ಅದು ವಿಸ್ಪರ್ ಅಲ್ಲ. ಆಮೇಲೆ ಒಂದು ಆಟ. ಒಬ್ಬಳು ಗೋಡೆಯ ಕಡೆ ತಿರುಗಿ ನಿಂತು 'ಗಾಳಿ' ಎಂದೋ 'ಕಾಳಿ' ಎಂದೋ ಪಿಸುಗುಟ್ಟಬೇಕು, ಉಳಿದವರು ಯಾವುದೆಂದು ಹೇಳಬೇಕು. ತರಗತಿ ಎರಡು ಪಕ್ಷವಾಗಿ ಜಗಳಕ್ಕೆ ನಿಲ್ಲುತ್ತದೆ. ಕಕಾರಕ್ಕೂ ಗಕಾರಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಆ ನಡುಕವಾದ್ದರಿಂದ ಪಿಸುಮಾತಿನಲ್ಲಿ ಎರಡೂ ಹತ್ತಿರ ಹತ್ತಿರ ಬಂದುಬಿಡುತ್ತವೆ. ಬೆಳಗಿನ ಪ್ರಾರ್ಥನೆಯನ್ನು ಪಿಸುದನಿಯಲ್ಲಿ ಹಾಡಿ ಎಂದಾಗಲಂತೂ ನಗು ತಡೆಯುವುದು ಕಷ್ಟ. ಪದಗಳು ಬರುತ್ತವೆ, ರಾಗ ಬರುವುದಿಲ್ಲ.

ರಾಗವಿದ್ದು ಪದವಿಲ್ಲದ್ದು ಹಮ್. ಬಾಯಿ ಮುಚ್ಚಿ ಗುನುಗುತ್ತಿರುವಾಗಲೇ ಮೂಗು ಹಿಡಿದುಕೊಳ್ಳಿ ಎನ್ನುತ್ತೇನೆ. ದನಿ ಥಟ್ಟನೆ ಕಟ್ಟಿಕೊಳ್ಳುತ್ತದೆ, ಏಕೆಂದರೆ ಅದಕ್ಕಿದ್ದ ದಾರಿ ಮೂಗೊಂದೇ. ನಮ್ಮ ಶಾಲೆಯ ಕಾಂಪೌಂಡಿನಾಚೆ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇದೆ. ಅದರ ಗುಂಯ್ ಎನ್ನುವ ಸದ್ದಿಗೂ ಇಂಗ್ಲಿಷಿನವರು ಹಮ್ ಎಂದೇ ಹೇಳುತ್ತಾರೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಒಂದೊಂದು ಆವರ್ತಕ್ಕೂ ಒಳಗಿನ ಕಬ್ಬಿಣದ ತಿರುಳು ಎರಡು ಬಾರಿ ಹಿಗ್ಗಿ ಕುಗ್ಗುವುದರಿಂದ ನಮಗೆ ಕೇಳುವುದು 100 ಹರ್ಟ್ಸಿನ ಸದ್ದು. ವಿಜ್ಞಾನದ ಮೇಷ್ಟ್ರು ತಮ್ಮ ಪಾಠವನ್ನು ನಾನು ಕದ್ದೆನೆಂದು ತಮಾಷೆ ಮಾಡುತ್ತಾರೆ.

ಮಂಬಲ್ ಮತ್ತು ಮಟರ್ ತಂಟೆಕೋರ ಜೋಡಿ. ಮಟರ್ ಎಂದೊಡನೆ ಹಿಂದಿನ ಬೆಂಚಿನಿಂದ 'ಪನೀರ್' ಎಂಬ ಪ್ರತಿಧ್ವನಿ ಬರುವುದು ವರ್ಷವರ್ಷದ ವಾಡಿಕೆ. ಮಂಬಲ್‌ನಲ್ಲಿ ತೊಡಕಿರುವುದು ತುಟಿ, ನಾಲಿಗೆಗಳಲ್ಲಿ. ಎಲೆಅಡಿಕೆ ತುಂಬಿಕೊಂಡ ಬಾಯಿಂದಲೇ ಅಜ್ಜಿ 'ಎಲ್ಲಿಗೆ ಹೊರಟೆಯೇ' ಎಂದಾಗ ಕೇಳಿಸುವುದು ಅದೇ. ಹಲ್ಲಿಲ್ಲದ ಬಾಯಲ್ಲಿ ಮೆಲ್ಲುವುದಕ್ಕೂ ಇಂಗ್ಲಿಷಿನಲ್ಲಿ ಹಿಂದೆ ಈ ಪದವನ್ನೇ ಬಳಸುತ್ತಿದ್ದರು. ಕೋಪವಾಗಲಿ ಅಸಮಾಧಾನವಾಗಲಿ ಅದರಲ್ಲಿ ಇರಲೇಬೇಕೆಂದಿಲ್ಲ. ಮಟರ್‌ಗೆ ಸಾಮಾನ್ಯವಾಗಿ ಅದೇ ಬಂಡವಾಳ. ಹೋಂವರ್ಕ್ ತರದೆ ಬೈಸಿಕೊಂಡ ಹುಡುಗ ಬೆಂಚಿಗೆ ಹಿಂತಿರುಗುವಾಗ ಏನೋ ಅನ್ನುತ್ತಾನಲ್ಲ, ನನಗೆ ಕೇಳಬಾರದು, ಆದರೆ ಪಕ್ಕದವನಿಗೆ ಕೇಳಬೇಕು, ಅದು ಮಟರ್. ಇದಕ್ಕೆ ಕನ್ನಡದ ಗೊಣಗು, ತೆಲುಗಿನ ಗೊಣುಗು ಎರಡೂ ಸರಿಯಾಗಿ ಹೊಂದುತ್ತವೆ. ಅಭಿನಯಿಸಿ ತೋರಿಸಿ ಎಂದರೆ ಈ ಒಂದು ಪದಕ್ಕೆ ಮಾತ್ರ ಸ್ವಯಂಸೇವಕರ ಕೊರತೆ ಬಿದ್ದದ್ದಿಲ್ಲ.

ಮರ್ಮರ್ ಎಂಬುದಕ್ಕೆ ನಮ್ಮವರು ತಾವಾಗಿಯೇ ಒಂದು ಅರ್ಥ ಹಚ್ಚುತ್ತಾರೆ: ಎಲೆಗಳ ಸದ್ದು. ಅದಕ್ಕೆ ಕಾರಣವೂ ಇದೆ. ಸಂಸ್ಕೃತದ ಮರ್ಮರ ಬಟ್ಟೆಯ, ಎಲೆಗಳ ಸದ್ದು ಎಂದು ಅಮರಕೋಶವೇ ಹೇಳುತ್ತದೆ. ಆಭರಣದ ಸದ್ದಿಗೆ ಅದು ಶಿಂಜಿತ ಎಂಬ ಬೇರೆ ಪದವನ್ನೇ ಕೊಡುತ್ತದೆ. ಇಂಗ್ಲಿಷಿನದು ಲ್ಯಾಟಿನ್ ಮೂಲದ್ದು, ಅದರ ಓಡಾಟ ಹೆಚ್ಚಾಗಿ ಮನುಷ್ಯರ ನಡುವೆ, ಹರಿಯುವ ನೀರಿನ ಬಳಿ. ಒಬ್ಬರೇ ಮೆತ್ತಗೆ ಆಡಿದರೂ ಮರ್ಮರ್. ಸಭೆಯಲ್ಲಿ ಎದ್ದ ಗುಜುಗುಜು ಕೂಡ ಮರ್ಮರ್. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದರಲ್ಲಿ ಅದೂ ಒಂದು. ಲಬ್ ಡಬ್ ನಡುವೆ ರಕ್ತ ಸುಳಿಸುಳಿಯಾಗಿ ಹರಿದಾಗ ಹುಟ್ಟುವ ಸೊಯ್ ಎಂಬ ಸದ್ದು ಅದು. ಬಹಳಷ್ಟು ಮಕ್ಕಳಲ್ಲಿ ಅದು ನಿರಪಾಯಕಾರಿ; ಕೆಲವರಲ್ಲಿ ಕವಾಟದ ತೊಂದರೆಯೋ ರಂಧ್ರವೋ ಇರಬಹುದು, ಆಗ ಮುಂದಿನ ಪರೀಕ್ಷೆ ಬೇಕು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದೇ ಸ್ಟೆತಸ್ಕೋಪಿನ ಮೊದಲು. ಹಳೆಯ ಕ್ಯಾಲೆಂಡರ್ ಹಾಳೆ ಸುತ್ತಿ ಮಕ್ಕಳೂ ಒಬ್ಬರ ಎದೆಯನ್ನು ಒಬ್ಬರು ಕೇಳಿ ನೋಡಿದರು. ಆ ಪೀರಿಯಡ್ಡಿನಲ್ಲಿ ವ್ಯಾಕರಣ ನಡೆಯಲಿಲ್ಲ.

ಎಲೆಯ ಸದ್ದಿಗೆ ಇಂಗ್ಲಿಷಿನಲ್ಲಿ ರಸಲ್. ಟಿ ಅಕ್ಷರ ಬರೆಯುವುದಕ್ಕೆ ಮಾತ್ರ, ಉಚ್ಚರಿಸುವುದಕ್ಕಲ್ಲ. ಅದನ್ನು ರಸ್ಟಲ್ ಎಂದು ಓದದಂತೆ ತಡೆಯುವುದೇ ಒಂದು ಸಾಹಸ. ಈ ಪದವನ್ನು ನಾನು ತರಗತಿಯಲ್ಲಿ ವಿವರಿಸುವುದೇ ಇಲ್ಲ, ಮನೆಗೆಲಸವಾಗಿ ಕೊಡುತ್ತೇನೆ. ಇಲ್ಲಿ ಹಲವು ಮಕ್ಕಳ ಮನೆಯಲ್ಲಿ ರೇಷ್ಮೆ ಹುಳು ಸಾಕಣೆ ಇದೆ. ಹುಳುಗಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಸಾಕಣೆಯವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಬದುಕಿನುದ್ದಕ್ಕೂ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕಿಂತ ಹೆಚ್ಚನ್ನು ಈ ಕೊನೆಯ ಹಂತದಲ್ಲೇ ತಿಂದು ಮುಗಿಸುತ್ತವೆ. ರಾತ್ರಿ ಸೊಪ್ಪು ಹಾಕಿ ಹುಳುಮನೆಯ ಬಾಗಿಲ ಬಳಿ ನಿಂತರೆ ಹೆಂಚಿನ ಮೇಲೆ ಸೋನೆ ಬಿದ್ದಂಥ ಸದ್ದು. 'ಅದರಲ್ಲಿ ಏನೇನು ಕೇಳಿತು, ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದು ತನ್ನಿ' ಎನ್ನುತ್ತೇನೆ. ಒಬ್ಬ ಹುಡುಗಿ ತಂದದ್ದರಲ್ಲಿ ಎಲೆ ರಸಲ್ ಮಾಡುತ್ತಿತ್ತು, ಅಪ್ಪ ಸೊಪ್ಪಿನ ರೇಟಿನ ಬಗ್ಗೆ ಮಟರ್ ಮಾಡುತ್ತಿದ್ದರು. ಎರಡೂ ಕ್ರಿಯಾಪದ ಇರಬೇಕಾದ ಜಾಗದಲ್ಲೇ ಇದ್ದವು. ಇನ್ನೊಬ್ಬ ಬರೀ ಒಂದು ವಾಕ್ಯ ತಂದ. ಅವನ ಮನೆಯ ಹುಳುಗಳು ಅಂದು ಜ್ವರಕ್ಕೆ ಕೂತಿದ್ದವು. ಆಗ ಅವು ಸೊಪ್ಪು ಮುಟ್ಟುವುದಿಲ್ಲ, ಸದ್ದೂ ಇರುವುದಿಲ್ಲ. 'ಏನೂ ಕೇಳಿಸಲಿಲ್ಲ ಮೇಡಂ, ಅದನ್ನೇ ಬರೆದಿದ್ದೇನೆ' ಎಂದ. ಪೂರ್ತಿ ಅಂಕ ಕೊಟ್ಟೆ.

ಬೆಕ್ಕಿನ ಪರ್, ನಾಯಿಮರಿಯ ವಿಂಪರ್‌ಗಳಿಗೆ ಇಷ್ಟು ಶ್ರಮ ಬೇಡ. ಪ್ರಾಣಿಯ ಹೆಸರು ಹೇಳಿದರೆ ಸದ್ದು ತಾನಾಗಿ ಬರುತ್ತದೆ. ಗಾಳಿಯ ಸದ್ದಿಗೆಂದೇ ಇರುವ ಸಫ್ ಎಂಬ ಅಪರೂಪದ ಪದವನ್ನು ಹತ್ತನೇ ತರಗತಿಯವರ ತಲೆಗೆ ತುಂಬುವ ಗೋಜಿಗೆ ನಾನು ಹೋಗಿಲ್ಲ. ಈ ವರ್ಷ ಗ್ರಂಬಲ್ ಸೇರಿಸಿದ್ದೇನೆ. ಮಟರ್ ಮಾಡುವವನ ಮಾತು ಕೇಳಿಸದೆಯೂ ಹೋಗಬಹುದು, ಗ್ರಂಬಲ್ ಮಾಡುವವನು ಎಲ್ಲರಿಗೂ ಕೇಳುವಂತೆಯೇ ದೂರುತ್ತಾನೆ ಎಂದು ಹೇಳಿಕೊಟ್ಟೆ. 'ಹಾಗಾದರೆ ನಮ್ಮಜ್ಜಿ ಯಾವುದಕ್ಕೆ ಸೇರುತ್ತಾರೆ ಮೇಡಂ, ಅವರದು ಎರಡೂ ಇದೆ' ಎಂದು ಒಬ್ಬಳು ಕೇಳಿದಳು. ದಿನಕ್ಕೆ ಯಾವುದು ಎಷ್ಟು ಸಲ ಎಂದು ಪಟ್ಟಿ ಮಾಡಿಕೊಂಡು ಬಾ ಎಂದು ಕಳಿಸಿದ್ದೇನೆ.