ತಾತನ ಸ್ವಾತಂತ್ರ್ಯ ಪದಕವನ್ನು ನಾನೇ ಫ್ರೇಮ್ ಮಾಡಿದ್ದು

ಮನೆಯಲ್ಲಿ ಹಳೆಯ ಮಿಲಿಟರಿ ಪದಕ ಇದ್ದರೆ ಮೊದಲು ಹುಣಸೆಹಣ್ಣು, ಸಬೀನಾ ಎರಡನ್ನೂ ದೂರ ಇಡಿ. ಪಾಂಡವಪುರದ ಹತ್ತಿರ ನಮ್ಮೂರಿನ ಮನೆಯ ಟ್ರಂಕಿನಲ್ಲಿ ತಾತನ ಪದಕ ಸಿಕ್ಕಾಗ ಎಲ್ಲರೂ ಹೇಳಿದ್ದು ಒಂದೇ, ಚೆನ್ನಾಗಿ ಉಜ್ಜು, ಫಳಫಳ ಹೊಳೆಯುತ್ತೆ ಅಂತ. ನಾನು ಒಪ್ಪಲಿಲ್ಲ. ನೋಡೋಕೆ ಬೆಳ್ಳಿ ಥರ ಇದ್ದರೂ ಅದು ತಾಮ್ರ ಮತ್ತು ನಿಕಲ್ ಬೆರೆಸಿದ ಲೋಹ. ಉಜ್ಜಿದಷ್ಟೂ ಅಕ್ಷರ ಸವೆಯುತ್ತೆ.

ಇದು 1947ರ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್. ಒಂದು ಮುಖದಲ್ಲಿ ಅಶೋಕ ಚಕ್ರ, ಅದರ ಮೇಲೆ ಕಿರೀಟ, ಸುತ್ತಲೂ ಆರನೇ ಜಾರ್ಜ್ ದೊರೆಯ ಹೆಸರು. ಇನ್ನೊಂದು ಮುಖದಲ್ಲಿ ಸಿಂಹಗಳು ಮತ್ತು 15 ಆಗಸ್ಟ್ 1947. ಸ್ವಾತಂತ್ರ್ಯದ ಪದಕದಲ್ಲಿ ಇಂಗ್ಲೆಂಡಿನ ರಾಜ ಯಾಕೆ ಅಂತ ಅನ್ನಿಸುತ್ತೆ ಅಲ್ವಾ? 1950ರ ಜನವರಿ 26ರವರೆಗೂ ನಾವು ಡೊಮಿನಿಯನ್, ಅಂದ್ರೆ ಸರ್ಕಾರ ನಮ್ಮದೇ ಆದರೂ ಆತನೇ ನಮಗೂ ರಾಜ. ಭಾರತಕ್ಕೆ ಸೇರಿದ ಸಂಸ್ಥಾನಗಳ ಸೈನಿಕರಿಗೂ ಇದು ಸಿಕ್ಕಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅಂಚು. ಸೈನಿಕನ ನಂಬರ್, ಹೆಸರು, ಪಡೆ ಎಲ್ಲ ಅಲ್ಲೇ ಕೊರೆದಿರುತ್ತೆ. ಬರಿಗಣ್ಣಿಗೆ ಕಾಣಲಿಲ್ಲ, ಹಾಗಾಗಿ ತೆಳು ಕಾಗದದ ಪಟ್ಟಿಯನ್ನು ಅಂಚಿಗೆ ಸುತ್ತಿ, ಪೆನ್ಸಿಲ್ಲನ್ನು ಓರೆ ಹಿಡಿದು ಮೆಲ್ಲಗೆ ಸವರುತ್ತಾ ಹೋದೆ. ಮೊದಲು ನಂಬರ್ ಬಂತು, ಆಮೇಲೆ ಬೂದು ಬಣ್ಣದ ನಡುವೆ ಒಂದೊಂದೇ ಅಕ್ಷರವಾಗಿ ತಾತನ ಹೆಸರು ಬೆಳ್ಳಗೆ ಎದ್ದು ಬಂತು. ಸ್ಪೆಲ್ಲಿಂಗ್ ನಮ್ಮ ಮನೆಯವರು ಬರೆಯೋ ಥರ ಇಲ್ಲ, ಆದರೂ ಅವರದ್ದೇ. ಆ ಪಟ್ಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಸೇನೆಯ ದಾಖಲೆ ಹುಡುಕಿಸಬೇಕು ಅಂದ್ರೆ ಬೇಕಾಗೋದು ಆ ನಂಬರೇ.

ಕೇಸರಿ, ಬಿಳಿ, ಹಸಿರು ರಿಬ್ಬನ್ನಿಗೆ ನೀರು ಸೋಕಿಸಲಿಲ್ಲ, ಬಣ್ಣ ಬಿಟ್ಟರೆ ಕಷ್ಟ. ಮೆತ್ತಗಿನ ಬ್ರಶ್ಶಿನಲ್ಲಿ ಧೂಳು ತೆಗೆದೆ. ಲೋಹದ ಸಂದಿಯ ಹಸಿರು ಕಿಲುಬನ್ನು ಮರದ ಹಲ್ಲುಕಡ್ಡಿಯಿಂದ ಬಿಡಿಸಿದೆ, ಅಷ್ಟೇ.

ಫ್ರೇಮಿಗೆ ಮೈಸೂರಿಗೆ ಹೋದೆ. ಅಂಗಡಿಯವರು ಗಮ್ ಹಾಕಿ ಅಂಟಿಸೋಣ ಅಂದರು, ಬೇಡ ಅಂದು ಆಳವಾದ ಪೆಟ್ಟಿಗೆ ಫ್ರೇಮ್ ಮಾತ್ರ ಮಾಡಿಸಿಕೊಂಡೆ. ಆ್ಯಸಿಡ್ ಇಲ್ಲದ ರಟ್ಟಿಗೆ ರಿಬ್ಬನ್ನಿನ ಮೇಲ್ತುದಿಯನ್ನು ಹತ್ತಿ ದಾರದಲ್ಲಿ ನಾನೇ ಹೊಲಿದೆ. ಗಾಜು ಪದಕಕ್ಕೆ ತಾಗದ ಹಾಗೆ ಜಾಗ ಬಿಡಬೇಕು. ಸಿಂಹದ ಮುಖ ಮುಂದೆ, ಕಿರೀಟದ ಮುಖದ ಫೋಟೋ ಪಕ್ಕದಲ್ಲಿ. ಬಿಸಿಲು ಬೀಳದ ಗೋಡೆಗೆ ನೇತು ಹಾಕಿದ್ದೇನೆ.

ಈಗ ಚಿಕ್ಕಪ್ಪನ 1997ರ ಪದಕ ಕೈಗೆ ಬಂದಿದೆ, ಸ್ವಾತಂತ್ರ್ಯದ 50ನೇ ವರ್ಷದ್ದು. ಮುಂದಿನ ಫ್ರೇಮ್ ಅದಕ್ಕೆ.