ಕಾರಿನ ಮೂಗು ಎಲ್ಲಿರಬೇಕು?

ಎಂಜಿನ್‌ಗೆ ಹೋಗುವ ಗಾಳಿ ಸೋಸಲು, ಕಂಪನಿಯ ಮುಚ್ಚಿದ ಡಬ್ಬಿ ತೆಗೆಸಿ ಓಪನ್ ಫಿಲ್ಟರ್ ಹಾಕಿಸಿದ ಮೊದಲ ವಾರ ಪೂರ್ತಿ ನಾನು ಗ್ಲಾಸ್ ಇಳಿಸಿಕೊಂಡೇ ಕಾರು ಓಡಿಸಿದೆ. ಎಲ್ಲಾ ಆ ಸೌಂಡ್‌ಗಾಗಿ. ನನ್ನದು 2011ರ ಹೋಂಡಾ ಸಿಟಿ, 1.5 ಲೀಟರ್ ಐ-ವಿಟೆಕ್, ಕಂಪನಿ ಲೆಕ್ಕದಲ್ಲಿ 118 ಪಿಎಸ್. 4,000 ಆರ್‌ಪಿಎಂ ದಾಟಿದರೆ ಸಾಕು, ಬಾನೆಟ್ ಒಳಗೆ ಯಾರೋ ಜೋರಾಗಿ ಉಸಿರೆಳೆದ ಹಾಗೆ ಕೇಳಿಸುತ್ತಿತ್ತು. ಪಿಕಪ್ ಕೂಡ ಜಾಸ್ತಿಯಾಗಿದೆ ಅಂತ ನಾಲ್ಕು ಜನರಿಗೆ ಹೇಳಿಯೂ ಬಿಟ್ಟಿದ್ದೆ.

ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಕೊಂಡು ಗ್ಯಾರೇಜಿಗೆ ಹೋದ ಒಂದು ಮಧ್ಯಾಹ್ನ ಮೆಕ್ಯಾನಿಕ್ ಬಾನೆಟ್ ಎತ್ತಿದ. "ಮುಟ್ಟಿ ನೋಡಿ ಸಾರ್" ಅಂದ. ಫಿಲ್ಟರ್ ತುದಿಯ ಸ್ಟೀಲ್ ಮುಚ್ಚಳದ ಮೇಲೆ ಬೆರಳಿಟ್ಟೆ, ತಕ್ಷಣ ತೆಗೆದೆ. "ಇಷ್ಟು ಬಿಸಿ ಗಾಳಿ ಕುಡಿಸಿದ್ರೆ ಅದು ಎಲ್ಲಿ ಓಡುತ್ತೆ? ನಿಮಗೆ ಸೌಂಡ್ ಬೇಕಾ, ಪಿಕಪ್ ಬೇಕಾ, ಮೊದಲು ಅದು ಹೇಳಿ."

ಜೆ.ಸಿ. ರೋಡಿನಲ್ಲಿ ನಾನು ಅದನ್ನು ಕೊಂಡಾಗ ಡಬ್ಬದ ಮೇಲೆ 'ಕೋಲ್ಡ್ ಏರ್' ಅಂತಲೇ ಇತ್ತು. ಒಳಗಿದ್ದದ್ದು ಒಂದು ಮೊಳದ ಪೈಪು, ತುದಿಗೆ ಬೋಳು ಫಿಲ್ಟರ್. ಎಂಜಿನ್ ಪಕ್ಕದಲ್ಲೇ ಕೂತು ಎಂಜಿನ್ ಕಾಯಿಸಿದ ಗಾಳಿಯನ್ನೇ ಎಳೆಯುತ್ತಿತ್ತು. ಅದರಲ್ಲಿ ಕೋಲ್ಡ್ ಎಲ್ಲಿಂದ ಬರಬೇಕು?

ಆಮೇಲೆ ಅಳೆಯಲು ಶುರು ಮಾಡಿದೆ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಮೊಬೈಲ್‌ನಲ್ಲೇ ಕಾಣುತ್ತದೆ. ಹೊರಗೆ 29 ಡಿಗ್ರಿ ಇದ್ದ ದಿನ ಓಪನ್ ಫಿಲ್ಟರ್‌ನಲ್ಲಿ ಟ್ರಾಫಿಕ್‌ನಲ್ಲಿ 61 ತೋರಿಸಿತು. ನೆಲಮಂಗಲ ದಾಟಿ ಕುಣಿಗಲ್ ಕಡೆ 80ರಲ್ಲಿ ಹೋಗುವಾಗಲೂ 41. ಅಟ್ಟದಲ್ಲಿದ್ದ ಕಂಪನಿಯ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಮುಚ್ಚಿದ ಡಬ್ಬಿ) ಇಳಿಸಿ, ಹಾಕಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ನೋಡಿದರೆ ಟ್ರಾಫಿಕ್‌ನಲ್ಲಿ 46, ಹೈವೇಯಲ್ಲಿ 34. ಮೂರನೇ ಗೇರ್‌ನಲ್ಲಿ 40ರಿಂದ 80ಕ್ಕೆ ಏರುವುದರಲ್ಲೂ ಹಳೆಯ ಪ್ಲಾಸ್ಟಿಕ್ ಡಬ್ಬಿಯೇ ಅರ್ಧ ಸೆಕೆಂಡ್ ಮುಂದೆ. ನಾಲ್ಕು ಜನರಿಗೆ ಹೇಳಿದ್ದೆನಲ್ಲ, ಅವರಿಗೆ ಇದನ್ನು ಮಾತ್ರ ಹೇಳಲಿಲ್ಲ.

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 30 ಡಿಗ್ರಿಯ ಗಾಳಿಗೆ ಹೋಲಿಸಿದರೆ 60 ಡಿಗ್ರಿಯ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಸುಮಾರು 9% ಆಮ್ಲಜನಕ ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್‌ಗೆ ಇದು ನೇರ ಪೆಟ್ಟು. ಅದೂ ಅಲ್ಲದೆ ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡವೇ ಸಮುದ್ರ ಮಟ್ಟಕ್ಕಿಂತ ಸುಮಾರು 10% ಕಡಿಮೆ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದ ಮೇಲೆ ಕಾರು ಚುರುಕಾಯ್ತು ಅನ್ನಿಸುವುದು ಸುಮ್ನೆ ಅಲ್ಲ. ಮೊದಲೇ ತೆಳು ಗಾಳಿ, ಅದನ್ನು ಕಾಯಿಸಿ ಬೇರೆ ಕೊಡುತ್ತಿದ್ದೆ ನಾನು.

ಮುಂದಿನ ಯೋಚನೆ ಉದ್ದ ಪೈಪಿನದು. ಫಿಲ್ಟರನ್ನು ಬಂಪರ್ ಒಳಗೆ, ಫಾಗ್ ಲ್ಯಾಂಪ್ ಹಿಂದೆ ಇಳಿಸುವ ಕಿಟ್. ತಂಪಿನ ಮಟ್ಟಿಗೆ ಇದೇ ರಾಜ. ಆದರೆ ಟೇಪ್ ಹಿಡಿದು ನೋಡಿದರೆ ಫಿಲ್ಟರ್ ಕೂರುವ ಜಾಗ ನೆಲದಿಂದ ಮೊಣಕಾಲಿನಷ್ಟು ಎತ್ತರವೂ ಇಲ್ಲ. ನಾನು ತಿಂಗಳಿಗೊಮ್ಮೆಯಾದರೂ ಸಕಲೇಶಪುರದ ಕಡೆ ಹೋಗುವವನು, ಜುಲೈ ಮಳೆಯಲ್ಲೂ. ಮಳೆಗೆ ನೀರು ತುಂಬುವ ಬೆಂಗಳೂರಿನ ಅಂಡರ್‌ಪಾಸ್‌ಗಳ ಕಥೆ ಬಿಡಿ, ಅದು ಎಲ್ಲರಿಗೂ ಗೊತ್ತು. ಗೆಳೆಯನೊಬ್ಬನ ಕಾರು ಹೀಗೇ ನೀರು ಕುಡಿದಿತ್ತು. ಗಾಳಿಯ ಹಾಗೆ ನೀರನ್ನು ಒತ್ತಲು ಆಗುವುದಿಲ್ಲವಲ್ಲ, ಪಿಸ್ಟನ್ ಮೇಲೆ ಬರುವಾಗ ನೀರು ಜಗ್ಗಲಿಲ್ಲ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿತು. ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಸೇರಿಸಿರಲಿಲ್ಲ, ಪೂರ್ತಿ ಖರ್ಚು ಅವನ ತಲೆಗೇ ಬಂತು. ಬೈಪಾಸ್ ವಾಲ್ವ್ ಅಂತ ಒಂದು ಬರುತ್ತದೆ, ಫಿಲ್ಟರ್ ಮುಳುಗಿದರೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು. ನನಗೆ ಧೈರ್ಯ ಸಾಲಲಿಲ್ಲ.

ಹಾಗಾಗಿ ಕೊನೆಗೆ ಹುಡುಕಿದ್ದು ಮುಚ್ಚಿದ ಡಬ್ಬಿಯ ಕಿಟ್: ಫಿಲ್ಟರ್ ಡಬ್ಬಿಯ ಒಳಗೆ, ಡಬ್ಬಿಯ ಮೂತಿ ಹೆಡ್‌ಲೈಟ್ ಎತ್ತರದಲ್ಲಿ ಗ್ರಿಲ್ ಕಡೆಗೆ. ಯೋಚಿಸಿದರೆ ಇದು ಕಂಪನಿಯವರದೇ ಐಡಿಯಾ, ಸ್ವಲ್ಪ ದೊಡ್ಡ ಗಂಟಲು ಅಷ್ಟೇ.

ಕೊಳ್ಳುವ ಮುಂಚೆ ಪೈಪಿನ ಅಳತೆ ನೋಡಲು ಜೇಬಿನಲ್ಲಿ ವರ್ನಿಯರ್ ಇಟ್ಟುಕೊಂಡು ಹೋದೆ. ಅಂಗಡಿಯವ ವಿಚಿತ್ರವಾಗಿ ನೋಡಿದ. ಕಾರಣ ಇತ್ತು. ನನ್ನ ಕಾರಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಲೆಕ್ಕ ಹಾಕುವುದು ಎಂಎಎಫ್ ಸೆನ್ಸರ್. ಅದು ಕೂರುವ ಜಾಗದಲ್ಲಿ ಪೈಪಿನ ಒಳ ಅಳತೆ ಇಷ್ಟೇ ಇರುತ್ತದೆ ಅಂತ ನಂಬಿಕೊಂಡೇ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಪೆಟ್ರೋಲ್ ಬಿಡುತ್ತದೆ. ಮೊದಲ ಕಿಟ್‌ನ ಪೈಪು ಅಲ್ಲಿ ಹಳೆಯದಕ್ಕಿಂತ 8 ಮಿ.ಮೀ. ಅಗಲ. ಪೈಪು ಅಗಲವಾದರೆ ಗಾಳಿ ನಿಧಾನ, ಸೆನ್ಸರ್‌ಗೆ ಗಾಳಿ ಕಡಿಮೆ ಬಂದಂತೆ ಕಾಣುತ್ತದೆ, ಪೆಟ್ರೋಲೂ ಕಡಿಮೆ ಹೋಗುತ್ತದೆ. ಇಸಿಯು ಅದನ್ನು ಸರಿದೂಗಿಸಲು ಒದ್ದಾಡುತ್ತದೆ. ಹಾಗೆ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವುದೇ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಅದು ಪ್ಲಸ್ ಅಥವಾ ಮೈನಸ್ 5ರ ಒಳಗಿದ್ದರೆ ಚಿಂತೆಯಿಲ್ಲ. ನನ್ನದು 22 ತಲುಪಿ, ಚೆಕ್ ಎಂಜಿನ್ ಲೈಟ್ ಉರಿದು, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನುವ ಪಿ0171 ಕೋಡ್ ಬಂದಿತ್ತು. ಆಗ ಸೆನ್ಸರ್ ಹಾಳಾಗಿದೆ ಅಂದುಕೊಂಡು ಕ್ಲೀನಿಂಗ್ ಸ್ಪ್ರೇಗೆ ದುಡ್ಡು ಸುರಿದೆ. ಹೊಸ ಕಿಟ್‌ನಲ್ಲಿ ಆ ಜಾಗದ ಅಳತೆ ಕಂಪನಿಯದಕ್ಕೆ ಸರಿಯಾಗಿ ಕೂತಿತು. ಈಗ ಟ್ರಿಮ್ 3.

ಫಿಲ್ಟರ್ ವಿಷಯದಲ್ಲಿ ಕೆ ಅಂಡ್ ಎನ್ ಥರದ ಎಣ್ಣೆ ಹಚ್ಚುವ ಹತ್ತಿಯದಕ್ಕೂ ಎಣ್ಣೆ ಇಲ್ಲದ ಸಿಂಥೆಟಿಕ್‌ಗೂ ನಡುವೆ ತುಂಬಾ ಅಲೆದಾಡಿದೆ. ಹತ್ತಿಯದು ಕೆಟ್ಟದ್ದಲ್ಲ. ಆದರೆ ತೊಳೆದ ಮೇಲೆ ಎಣ್ಣೆ ಜಾಸ್ತಿ ಹಾಕಿದರೆ ಅದು ಸೆನ್ಸರ್ ತಂತಿಗೆ ಅಂಟುತ್ತದೆ, ನನ್ನ ಕೈ ಸ್ವಲ್ಪ ಧಾರಾಳ. ಸಿಂಥೆಟಿಕ್ ತೆಗೆದುಕೊಂಡೆ. ಎಂಜಿನ್ ಒಳಗಿನ ಎಣ್ಣೆ ಹಬೆಯನ್ನು ವಾಪಸ್ ತರುವ ಬ್ರೀದರ್ ಪೈಪಿಗೆ ಸರಿಯಾದ ನಿಪ್ಪಲ್ ಇದೆಯಾ, ಡಬ್ಬಿಯನ್ನು ಕಾರಿನ ಬಾಡಿಯ ಜೊತೆ ಹಿಡಿದಿಡಲು ಬ್ರ್ಯಾಕೆಟ್ ಇದೆಯಾ ಅಂತಲೂ ನೋಡಿದೆ. ಬರೀ ಕ್ಲಾಂಪ್ ನಂಬಿದರೆ ನಮ್ಮ ರೋಡ್ ಹಂಪ್‌ಗಳಿಗೆ ಆರು ತಿಂಗಳೂ ತಡೆಯುವುದಿಲ್ಲ.

ಈಗ ಟ್ರಾಫಿಕ್‌ನಲ್ಲಿ 44, ಹೈವೇಯಲ್ಲಿ 32. 40ರಿಂದ 80ಕ್ಕೆ ಕಂಪನಿಯ ಡಬ್ಬಿಗಿಂತ ಎಷ್ಟು ಬೇಗ? ಐದು ಸಲ ಓಡಿಸಿದೆ, ಒಮ್ಮೆ ಇದು ಮುಂದೆ, ಒಮ್ಮೆ ಅದು. ಪಿಕಪ್ ಒಂದೇ ಬೇಕು ಅನ್ನುವವರು ಏರ್‌ಬಾಕ್ಸ್ ಬಿಚ್ಚಲೇಬೇಡಿ, ಹೊಸ ಪೇಪರ್ ಫಿಲ್ಟರ್ ಹಾಕಿ, ಉಳಿದ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ. ನನಗೆ ಸೌಂಡೂ ಬೇಕಿತ್ತು, ಒಪ್ಪಿಕೊಳ್ಳುತ್ತೇನೆ. ವಾರಂಟಿ ಇರುವ ಕಾರಿನವರು ಮೊದಲು ಷೋರೂಮ್‌ನಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಓದಿಕೊಳ್ಳಿ. ಗಾಡಿಯನ್ನು ಬದಲಾಯಿಸುವ ವಿಷಯದಲ್ಲಿ ಅದು ಬಿಗಿಯಾಗಿದೆ.

ಇನ್ನೊಂದು ಅಭ್ಯಾಸ ಉಳಿದುಕೊಂಡಿದೆ. 5,000 ಕಿ.ಮೀ.ಗೊಮ್ಮೆ ಫಿಲ್ಟರ್ ದಾಟಿದ ಕಡೆಯ ಪೈಪಿನೊಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡುತ್ತೇನೆ. ಮೊದಲ ಕಿಟ್‌ನಲ್ಲಿ ಬಟ್ಟೆಗೆ ಕೆಮ್ಮಣ್ಣಿನ ಗೆರೆ ಬಂದಿತ್ತು, ಅಂದರೆ ಅಷ್ಟೂ ದೂಳು ಎಂಜಿನ್ ಹೊಟ್ಟೆಗೆ. ಕಳೆದ ಭಾನುವಾರ ಒರೆಸಿದಾಗ ಬಟ್ಟೆ ಬೆಳ್ಳಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಚೂರು ಎಣ್ಣೆ ಪಸೆ. ಅದು ಬ್ರೀದರ್ ಪೈಪಿನದು.